ಎಡಗೈಯ ಕಡಗ

“ಇಕ್ಕಳ ಎಲ್ಲೈತಿ?” ಎನ್ನುತ್ತ ರಾಜಮಾಬಿ ಬಚ್ಚಲಿನ ಪರದೆ ಸರಿಸಿ ಒಳಗೆ ಬಂದಳು. ಹಲಗೆಯ ಮೇಲೆ ಅವಳ ಅಕ್ಕ ಖಾಸಿಂಬಿ ಬಿಳಿ ಬಟ್ಟೆ ಹೊದ್ದು ಮಲಗಿದ್ದಳು. ಜೀವ ಹೋಗಿ ಎರಡು ತಾಸಾಗಿತ್ತು. ಕೊನೆಯ ಸ್ನಾನಕ್ಕೆ ನೀರು ಕಾದಿತ್ತು, ಕರ್ಪೂರ ಪುಡಿಯಾಗಿತ್ತು. ಮೈಮೇಲೆ ಒಡವೆ ಉಳಿಯುವಂತಿರಲಿಲ್ಲ. ಬಾತ ಎಡಗೈಯಲ್ಲಿನ ಬೆಳ್ಳಿಯ ಕಡಗ ಮಾತ್ರ ಜಪ್ಪಯ್ಯ ಅಂದರೂ ಬರುತ್ತಿರಲಿಲ್ಲ.

“ಇಕ್ಕಳ ಬ್ಯಾಡ್ರಿ ಖಾಲಾ,” ಎಂದಳು ಖಾಸಿಂಬಿಯ ಸೊಸೆ ಶಹನಾಜ. “ಕತ್ತರಸಂಗಿಲ್ಲ ಅಂತ ಅಮ್ಮಗ ಮಾತ ಕೊಟ್ಟೇನ್ರಿ.”

“ಹೊರಗ ಗಂಡಸರು ಕಾಯಾಕತ್ತಾರ. ನಮಾಜಿನ ಹೊತ್ತಾತು.”

“ಸ್ವಲ್ಪ ತಡೀರಿ.”

ಶಹನಾಜ ಗೂಡಿನಿಂದ ಮರುಗದ ಎಣ್ಣೆಯ ಶೀಸೆ ತೆಗೆದಳು.

*

ಐದು ವರ್ಷದ ಹಿಂದೆ ಹುಬ್ಬಳ್ಳಿಯಲ್ಲಿ ಖಾಸಿಂಬಿಯ ಎಡ ಎದೆಯನ್ನು, ಕಂಕುಳ ಗ್ರಂಥಿಗಳನ್ನು ತೆಗೆದಿದ್ದರು. ಆ ಕೈ ಬಾತೀತು, ಬಳೆ ಬೇಡ, ಭಾರ ಬೇಡ ಎಂದು ನರ್ಸ್ ಶೈಲಶ್ರೀ ಹೇಳಿ ಕಳಿಸಿದ್ದಳು. ಆದರೆ ಕ್ಯಾನ್ಸರಿನ ಸುದ್ದಿ ಅಣ್ಣಿಗೇರಿಯಲ್ಲಿ ಯಾರಿಗೂ ತಿಳಿಯಬಾರದಿತ್ತು. ಮಗಳನ್ನು ನೋಡಲು ಬಂದವರು ಬರಿಗೈ ಕಂಡು ಏನಾದರೂ ಕೇಳಿಯಾರೆಂದು ಖಾಸಿಂಬಿ ತನ್ನ ತಾಯಿಯ ಕಡಗ ಏರಿಸಿಕೊಂಡಳು. ಅವರು ಕಡಗ ನೋಡಿದರೋ ಇಲ್ಲವೋ, ಚಹಾ ಕುಡಿದು ಒಪ್ಪಿ ಹೋದರು. ಮದುವೆ ಮುಗಿಯುವವರೆಗೂ ಅವಳು ಅದನ್ನು ತೆಗೆಯಲಿಲ್ಲ. ಅಷ್ಟರಲ್ಲಿ ಕೈ ಬಾತಿತ್ತು.

ಕಡಗ ಕತ್ತರಿಸಿಕೊಳ್ಳಲು ಪತ್ತಾರನ ಹತ್ತಿರ ಹೋಗೋಣವೆಂದರೆ, “ನನ್ನ ಮೈಮ್ಯಾಲೆ ಇನ್ನ ಕತ್ತರಿ ಆಡೂದು ಬ್ಯಾಡ. ಸತ್ತ ಮ್ಯಾಲೂ ಬ್ಯಾಡ,” ಎಂದಳು.

ಶಹನಾಜ ನರ್ಸಿನಿಂದ ನೀವುವುದು ಕಲಿತಳು. ಮೊದಲು ಕುತ್ತಿಗೆ, ಆಮೇಲೆ ಭುಜ, ಕೊನೆಗೆ ಕೈ. ತಿಕ್ಕಬಾರದು, ಚರ್ಮವಷ್ಟೇ ಸರಿಯಬೇಕು, ಒಳಗಿನ ನೀರು ಭುಜದ ಕಡೆಗೆ ಹೋಗಬೇಕು. ಎಣ್ಣೆ ಒಂದೇ ಹನಿ. “ವಾಸನಿಗೆ ಬಾವು ಇಳಿಯೂದಿಲ್ಲವ್ವಾ, ಮನಸ್ಸಿಗೆ ಹಿತ ಅಷ್ಟ,” ಎಂದಿದ್ದಳು ಶೈಲಶ್ರೀ.

ದಿನಾ ಬೆಳಿಗ್ಗೆ ಇದೇ ಕೆಲಸ. ಅಂದಿನಿಂದ ಶಹನಾಜ ತವರಿನಲ್ಲಿ ಒಂದು ದಿನವೂ ಉಳಿದವಳಲ್ಲ. ಕಡಗ ಹೆಬ್ಬೆರಳಿನ ಗೆಣ್ಣಿನವರೆಗೆ ಬರುತ್ತಿತ್ತು. ನೋವಿಗೆ ಖಾಸಿಂಬಿ ಮುಷ್ಟಿ ಹಿಡಿಯುತ್ತಿದ್ದಳು, ಕಡಗ ಮತ್ತೆ ಹಿಂದಕ್ಕೆ ಹೋಗುತ್ತಿತ್ತು. “ನಿನ್ನೂ ನಾ ಕಟ್ಟಿ ಹಾಕೀನಿ,” ಎಂದು ಅತ್ತೆ ಒಮ್ಮೆ ಹೇಳಿದಾಗ ಶಹನಾಜ ಇಲ್ಲವೆನ್ನಲಿಲ್ಲ. ಅದು ಅವಳನ್ನು ಈಗಲೂ ಕೊರೆಯುತ್ತಿತ್ತು.

*

“ಸತ್ತ ಕೈ ನೀವಿದರ ಏನ್ ಬರತೈತಿ?” ಇಕ್ಕಳ ಸಿಕ್ಕಿತ್ತು. ರಾಜಮಾಬಿ ಅದನ್ನು ಹಿಡಿದೇ ನಿಂತಿದ್ದಳು.

ಶಹನಾಜ ನೀವತೊಡಗಿದಳು. ಕುತ್ತಿಗೆ, ಭುಜ, ತೋಳು. ಕೈ ಇನ್ನೂ ಬೆಚ್ಚಗಿತ್ತು. ಹೊರಗೆ ಮಾವ ಅಲ್ಲಾಭಕ್ಷ ಎರಡು ಸಲ ಕೆಮ್ಮಿದ. ಅವಳು ಸಾಬೂನು ಹಚ್ಚಿ ಕಡಗ ಎಳೆದಳು. ಗೆಣ್ಣಿಗೆ ಬಂದು ನಿಂತಿತು. ರಾಜಮಾಬಿ ಒಂದು ಹೆಜ್ಜೆ ಮುಂದೆ ಬಂದಳು.

“ಮುಷ್ಟಿ ಹಿಡೀಬ್ಯಾಡ್ರಿ ಅಮ್ಮಾ,” ಎಂದಳು ಶಹನಾಜ, ದಿನದ ರೂಢಿಯಂತೆ.

ಖಾಸಿಂಬಿ ಹಿಡಿಯಲಿಲ್ಲ. ಕಡಗ ಜಾರಿ ಶಹನಾಜಳ ಅಂಗೈಗೆ ಬಿತ್ತು. ಬೆಳಗಿನಿಂದ ಬಾರದ ಅಳು ಆಗ ಬಂತು.

ರಾಜಮಾಬಿ ಇಕ್ಕಳವನ್ನು ಮೂಲೆಗಿಟ್ಟಳು. ಕಡಗ ತೊಳೆದು, “ಇದು ನಿನಗ ಸಲ್ಲಬೇಕಾದ್ದು,” ಎಂದು ಅವಳ ಎಡಗೈಗೆ ತೊಡಿಸಿದಳು.

ಶಹನಾಜ ನೀರಿನ ತಂಬಿಗೆ ಎತ್ತಿಕೊಳ್ಳುವ ಮೊದಲು ಕಡಗವನ್ನು ಗೆಣ್ಣಿನಾಚೆ ಎಳೆದು ನೋಡಿದಳು. ಬಂತು. ಹಾಕಿಕೊಂಡು, ಮತ್ತೊಮ್ಮೆ ಎಳೆದು ನೋಡಿದಳು.