ಸಿಗದ ಹೆಸರುಗಳು

ಬಕೆಟ್ಟಿನಿಂದ ಎತ್ತಿದ ಹೊದಿಕೆಯ ಒಂದು ತುದಿಯನ್ನಷ್ಟೇ ಅವಳು ಹಿಂಡಿ ಮುಗಿಸಿದ್ದಳು. ಅಷ್ಟರಲ್ಲಿ ಒಳಗಿನಿಂದ ನಾದಿನಿ ಕೂಗಿದಳು:

"ಅತ್ತಿಗೇ, ಅದನ್ನ ಅಲ್ಲೇ ಬಿಟ್ಟು ಬಾ. ನಿನಗೊಬ್ಬರು ಹೊಸ ಗಿರಾಕಿ ಸಿಕ್ಕಿದ್ದಾರೆ."

ಏಳು ತಿಂಗಳ ಹೊಟ್ಟೆ ಹೊತ್ತು ಬಗ್ಗುವುದಕ್ಕಿಂತ ಕೂರುವುದೇ ವಾಸಿ ಎನ್ನಿಸಿ, ಒದ್ದೆ ಕೈ ಒರೆಸಿಕೊಳ್ಳುತ್ತ ಒಳಗೆ ಬಂದಳು. ಹೊಲಿಗೆ ಯಂತ್ರದ ಪಕ್ಕದಲ್ಲಿ ಹಳೆಯ ಲ್ಯಾಪ್‌ಟಾಪ್ ತೆರೆದಿತ್ತು.

ಗಿರಾಕಿಗಳ ಅಳತೆಯೆಲ್ಲ ಮೊದಲು ಪುಸ್ತಕದಲ್ಲಿತ್ತು. ಯಂತ್ರದ ಎಣ್ಣೆ ಚೆಲ್ಲಿ ಹನ್ನೊಂದು ಪುಟ ಹಾಳಾದ ಮೇಲೆ ನಾದಿನಿ ಅದನ್ನೆಲ್ಲ ಕ್ಲೌಡ್‌ನಲ್ಲಿ ಒಂದು ಡೇಟಾಬೇಸ್ ಮಾಡಿ ಇಟ್ಟಿದ್ದಳು. ಜೊತೆಗೆ ನಲವತ್ತು ಸಾಲಿನ ಒಂದು ಸಣ್ಣ ಪ್ರೋಗ್ರಾಮ್. ಹೆಸರು ಟೈಪ್ ಮಾಡಿದರೆ ಕ್ವೆರಿ, ಅಂದರೆ ಆ ಪ್ರಶ್ನೆ, ಎಲ್ಲೋ ದೂರದ ಕಂಪ್ಯೂಟರಿಗೆ ಹೋಗಿ, ಸೂಜಿಗೆ ದಾರ ಪೋಣಿಸುವಷ್ಟರಲ್ಲಿ ಎದೆ, ಸೊಂಟ, ತೋಳಿನುದ್ದ ಹೊತ್ತು ವಾಪಸ್ಸು ಬರುತ್ತಿತ್ತು. ಹೆಸರು ಇಲ್ಲದಿದ್ದರೆ, ‘ಸಿಗಲಿಲ್ಲ. ಅಳತೆಗೆ ಬರಲು ಹೇಳಿ’ ಎಂಬ ಉತ್ತರ ಬಂದು, ಆ ಹೆಸರು ಬೇರೊಂದು ಪಟ್ಟಿಗೆ ಸೇರುತ್ತಿತ್ತು. ಹೆಸರಿಗೆ ಇಟ್ಟ ಜಾಗ ಚಿಕ್ಕದು. ಉದ್ದ ಬರೆದರೆ ಬಾಲ ಕತ್ತರಿಸಿ ಹೋಗುತ್ತಿತ್ತು. "ಅಷ್ಟುದ್ದದ ಹೆಸರಿನವರು ಬೇರೆ ಟೈಲರ್ ಹುಡುಕಿಕೊಳ್ಳಲಿ ಬಿಡು," ಅಂದಿದ್ದಳು ನಾದಿನಿ.

ಈಗ ನಾದಿನಿ ಆ ಪಟ್ಟಿಯನ್ನೇ ತೋರಿಸಿದಳು. ‘ಆನೆ’. ‘ನಾಳೆ ರಜಾನಾ’. ಆಮೇಲೆ ಒಂದೇ ಸಾಲು, ಆರು ದಿನ ಬೆಳಗ್ಗೆ, ದಿನಕ್ಕೊಂದು ಸಲ: ‘ಪಾಪು ಬಂದ ಮೇಲೆ ನನ್ನ’.

"ನಮ್ಮ ಚೋಟಿದೇ ಕೆಲಸ," ಎಂದಳು ನಾದಿನಿ, ನಗು ತಡೆದು. "ಏನು ಕೇಳಿದ್ರೂ ಹುಡುಕಿ ಕೊಡುತ್ತೆ ಅಂತ ನಾನೇ ಒಂದಿನ ಅವಳಿಗೆ ಜಂಬ ಕೊಚ್ಚಿದ್ದೆ."

ತಾಯಿಗೆ ನಗು ಬರಲಿಲ್ಲ. ಆರು ವರ್ಷದ ಮಗಳು ಚೋಟಿ ಬಾಯಿಬಡುಕಿ. ಆದರೆ ಮಗುವಿನ ಸುದ್ದಿ ಹೇಳಿದ ದಿನದಿಂದ ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಕೇಳಿದರೆ "ಹೂಂ" ಎಂದು ಜಾರಿಕೊಳ್ಳುತ್ತಿದ್ದಳು. ಕತ್ತರಿಸಿ ಹೋದ ಬಾಲದಲ್ಲಿ, ‘ನನ್ನ’ ಆದ ಮೇಲೆ, ಏನಿತ್ತು? ನನ್ನನ್ನ ಮರೀತೀಯಾ? ನನ್ನನ್ನ ಯಾರು ಎತ್ಕೋತಾರೆ?

"ಉತ್ತರ ನಾನೇ ಸೇರಿಸಿಬಿಡ್ಲಾ?" ನಾದಿನಿಯ ಬೆರಳು ಆಗಲೇ ಕೀಲಿಗಳ ಮೇಲಿತ್ತು. "‘ನೀನೇ ನಮ್ಮ ರಾಣಿ’ ಅಂತ. ನಾಳೆ ಟೈಪ್ ಮಾಡಿದ ಕೂಡ್ಲೇ ಅದೇ ಬರುತ್ತೆ. ಕುಣಿದಾಡ್ತಾಳೆ ನೋಡು."

ಆಸೆಯಾಗದೆ ಇರಲಿಲ್ಲ. ಎಷ್ಟು ಸುಲಭ! ಆದರೂ ತಲೆಯಾಡಿಸಿದಳು.

"ಬೇಡ ಕಣೇ. ಅರ್ಧ ಪ್ರಶ್ನೆಗೆ ಉತ್ತರ ಕೊಡೋದು ಅಂದ್ರೆ ಅಳತೆ ತಗೊಳ್ಳದೆ ಬಟ್ಟೆ ಕತ್ತರಿಸಿದ ಹಾಗೆ."

"ಮತ್ತೆ ಅವಳನ್ನೇ ಕೇಳು."

"ಬಾಯಿಗೆ ಕೈ ಹಾಕಿ ಮಾತು ತೆಗೆಯೋಕಾಗುತ್ತಾ? ಅವಳೇ ಕೇಳ್ತಾಳೆ."

ಚೋಟಿ ಒಂದು ಕಾಲಿಗೆ ಕಾಲುಚೀಲ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು ಬಂದಳು. ಅತ್ತೆಯ ಮುಖ, ಅಮ್ಮನ ಮುಖ, ಪರದೆ ಮೂರನ್ನೂ ನೋಡಿ ಬಾಗಿಲಲ್ಲೇ ನಿಂತಳು.

"ನಾನು ಹಾಳು ಮಾಡಿಲ್ಲ."

"ಯಾರು ಹಾಳು ಅಂದ್ರು? ಅಳತೆಗೆ ಬರೋಕೆ ಹೇಳಿದೆಯಲ್ಲ ಕಂಪ್ಯೂಟರು, ಬಾ," ಎಂದಳು ಅಮ್ಮ, ಕೊರಳಿಗೆ ಟೇಪು ಹಾಕಿಕೊಂಡು. ನಾದಿನಿ ಅರ್ಥ ಮಾಡಿಕೊಂಡವಳಂತೆ ಎದ್ದು, ಅರ್ಧ ಹಿಂಡಿದ ಹೊದಿಕೆಯತ್ತ ಹೋದಳು.

ಮಗಳನ್ನು ಬೆನ್ನು ತಿರುಗಿಸಿ ನಿಲ್ಲಿಸಿಕೊಂಡಳು. ಭುಜದಿಂದ ಭುಜಕ್ಕೆ ಹತ್ತೂವರೆ. ಕತ್ತಿನಿಂದ ಸೊಂಟಕ್ಕೆ ಹತ್ತು. ಹೋದ ವರ್ಷಕ್ಕಿಂತ ಅರ್ಧ ಅಂಗುಲ ಹೆಚ್ಚು. ಯಾವ ಅವಸರವೂ ಇಲ್ಲದವಳಂತೆ ತೋಳನ್ನು ಎರಡು ಸಲ ಅಳೆದಳು. ಹೊರಗೆ ನೀರು ಬಕೆಟ್ಟಿಗೆ ಸುರಿಯುವ ಸದ್ದು. ಟೇಪಿನ ಕೆಳಗೆ ಪುಟ್ಟ ಭುಜ ಒಮ್ಮೆ ಮೇಲೆದ್ದು ಇಳಿಯಿತು.

"ಅಮ್ಮಾ."

"ಹೂಂ."

"ಪಾಪು ಬಂದ್ಮೇಲೆ… ನನ್ನ ನೋಡಿ, ಅದಕ್ಕೆ ನಾನು ಇಷ್ಟ ಆಗ್ಲಿಲ್ಲ ಅಂದ್ರೆ?"