ಹುಲ್ಲಿನ ನಂಫಾಮೊ

"ಹೊಟ್ಟೆಗೆ ಇನ್ನೊಂದಿಷ್ಟು ತುರುಕು ಅಕ್ಕ. ನಮ್ಮ ನಂಫಾಮೊ ಇಷ್ಟು ಸಣಕಲು ಇರ್ಲಿಲ್ಲ," ಎಂದ ಸತೂರ.

ಸ್ನಾನಗೃಹದಲ್ಲಿ ಕಡಲೆ ಮಾರುವ ರೊಗಾತ ಗೋಣಿಯೊಳಗೆ ಹುಲ್ಲು ತುಂಬಿದಳು. ಸ್ನಾನಗೃಹದ ಹಿಂದೆ, ಸೌದೆ ರಾಶಿಯ ಪಕ್ಕದಲ್ಲಿ, ಹುಲ್ಲಿನ ಗಂಡಸೊಬ್ಬ ತಯಾರಾಗುತ್ತಿದ್ದ. ನಿಜವಾದ ನಂಫಾಮೊ ಒಳಗೆ, ಒಲೆಮನೆಯ ಕಲ್ಲಿನ ಮೇಲೆ, ಬರಿಮೈಯಲ್ಲಿ ಬಿದ್ದಿದ್ದ.

ಅವನು ವೆರಾನಿಯನ ಗುಲಾಮ. ಸ್ನಾನಗೃಹದ ಗುತ್ತಿಗೆ ವೆರಾನಿಯನದು. ನಿನ್ನೆ ನಗರಾಧಿಕಾರಿಯ ಮಗ ಬಿಸಿನೀರಿನಿಂದ ಎದ್ದು ಬಂದು ನೋಡಿದರೆ ಅವನ ಕೆಂಪಂಚಿನ ಹೊದಿಕೆ ಬಟ್ಟೆ ಇಡುವ ಗೂಡಿನಲ್ಲಿ ಇರಲಿಲ್ಲ. ಬಟ್ಟೆ ಕಾಯಬೇಕಾದ ನಂಫಾಮೊ ಜ್ವರದಲ್ಲಿ ಸತ್ತು ಬಿದ್ದಿದ್ದ. ವೆರಾನಿಯ ಹೆಣದ ಮೈಮೇಲಿನ ಅಂಗಿಯನ್ನೂ ಬಿಚ್ಚಿಸಿ ಹುಡುಕಿಸಿ, ಆ ಅಂಗಿಯನ್ನು ಅಂಗಳಕ್ಕೆ ಎಸೆಯಿಸಿದ.

"ಹೊದಿಕೆ ಬಂದ್ರೆ ಹೆಣ ಕೊಡ್ತೀನಿ. ದೇವಿ ಸೆಲೆಸ್ತಿಸ್ ತಾಯಿ ಆಣೆ!" ಎಂದು ಎಲ್ಲರೆದುರು ಕೂಗಿದ್ದ. "ಇಲ್ಲಾಂದ್ರೆ ಹೊತ್ತು ಮುಳುಗಿದ ಮೇಲೆ ಊರಾಚೆ ಗುಂಡಿಗೆ, ನಾಯಿಗಳಿಗೆ!"

ಒಡೆಯ ಹೆಣ ಕೊಡದಿದ್ದರೆ ಸಂಘದವರು ಗೊಂಬೆ ಮಾಡಿ ಸುಡುವುದು ಅಲ್ಲಿನ ಪದ್ಧತಿ. ಸ್ನಾನಗೃಹದ ಕೆಲಸಗಾರರ ಸಂಘಕ್ಕೆ ಸತೂರನೇ ಹಿರಿಯ, ಗಿರಾಕಿಗಳ ಕಂಕುಳ ಕೂದಲು ಕೀಳುವವನು. ಹೆಣ ಸುಟ್ಟಂತೆಯೇ ಗೊಂಬೆಯನ್ನೂ ಸುಟ್ಟರೆ ಸತ್ತವನ ನೆರಳು ಅಲೆಯುವುದಿಲ್ಲ ಎನ್ನುತ್ತಾರೆ. ರೊಗಾತಳಿಗೆ ಅದರಲ್ಲಿ ನಂಬಿಕೆ ಇರಲಿಲ್ಲ. ಹುಲ್ಲನ್ನು ನೋಡಿ ಯಾವ ನೆರಳು ಸಮಾಧಾನ ಪಡುತ್ತದೆ?

ಅಂಗಳದಲ್ಲಿ ಬಿದ್ದಿದ್ದ ನಂಫಾಮೊನ ಕಂದು ಅಂಗಿಯನ್ನೇ ಅವಳು ಗೊಂಬೆಗೆ ಮೊದಲು ತೊಡಿಸಿದಳು. ಅದರ ಮೇಲೆ ಒಬ್ಬೊಬ್ಬರೂ ತಮ್ಮದೊಂದನ್ನು ಹಾಕಿದರು. ಒಲೆಯವನು ನಡುಪಟ್ಟಿ, ಎಣ್ಣೆ ತಿಕ್ಕುವವಳು ತಲೆವಸ್ತ್ರ, ಸತೂರ ತನ್ನ ಒಳ್ಳೆಯ ಅಂಗಿ.

"ನಮ್ಮ ಬಟ್ಟೇನ ಜನ್ಮವಿಡೀ ಕಾದ ಪುಣ್ಯಾತ್ಮ. ಚಳೀಲಿ ಹೋಗ್ಬೇಕಾ?" ಎಂದ.

ರೊಗಾತ ತನ್ನ ಹುರಿಗಡಲೆಯ ಬುಟ್ಟಿಯನ್ನು ಕಾಲಿನಿಂದ ಹತ್ತಿರಕ್ಕೆ ಎಳೆದುಕೊಂಡಳು.

•

ನಿನ್ನೆ ಮಧ್ಯಾಹ್ನ ಅವಳು ಒಳಗೆ ಬಂದಾಗ ನಂಫಾಮೊ ಬೆಂಚಿನ ಮೇಲೆ ಮುದುರಿ ಮಲಗಿದ್ದ. ಹಲ್ಲು ಕಟಕಟ ಎನ್ನುತ್ತಿತ್ತು. ಅವಳು ಕೈಗೆ ಸಿಕ್ಕ ಗೂಡಿನಿಂದ ದಪ್ಪನೆಯ ಹೊದಿಕೆಯೊಂದನ್ನು ಎಳೆದು ಹೊದಿಸಿದಳು.

ನಂಫಾಮೊ ಕಣ್ಣು ತೆರೆಯಲಿಲ್ಲ. ಅಂಚನ್ನು ಬೆರಳಲ್ಲಿ ಹೊಸಕಿ ನೋಡಿದ. ಅವನಿಗೆ ಜನರ ಗುರುತು ಸಿಗುತ್ತಿದ್ದದ್ದೇ ಬಟ್ಟೆಯಿಂದ. ಹೊಸ ಬಟ್ಟೆ ಹಾಕಿಕೊಂಡವರು ಸಂತೆಯಲ್ಲಿ ಎದುರಾದರೆ ಪಿಳಿಪಿಳಿ ನೋಡಿ ಬೈಸಿಕೊಳ್ಳುತ್ತಿದ್ದ.

"ಇದು ಅಧಿಕಾರಿ ಮಗಂದು. ವಾಪಸ್ ಇಡೇ."

"ಸುಮ್ನೆ ಬಿದ್ಕೊ. ಸಾಯ್ತಾ ಇದ್ದೀಯ, ಗೊತ್ತಾ?"

"ಇಷ್ಟು ವರ್ಷದಲ್ಲಿ ಒಂದು ನೂಲು ಹೋಗಿಲ್ಲ ಕಣೇ. ಮಡಚಿ ಇಡೇ, ರೊಗಾತ."

"ಇಡ್ತೀನಿ ಮಾರಾಯ. ಒಂಚೂರು ಬೆಚ್ಚಗಾಗ್ಲಿ."

ಬೆಚ್ಚಗಾಗುವ ಮೊದಲೇ ಉಸಿರು ನಿಂತಿತು. ಅಷ್ಟರಲ್ಲಿ ಬಿಸಿನೀರಿನ ಕೋಣೆಯಿಂದ ಗಂಡಸರ ದನಿ ಕೇಳಿತು. ಅವಳು ಹೆದರಿ ಹೊದಿಕೆಯನ್ನು ಬುಟ್ಟಿಯ ತಳಕ್ಕೆ ತುರುಕಿ ಮೇಲೆ ಕಡಲೆ ಸುರಿದಳು.

•

"ನಂಫಾಮೊ!" ಸತೂರ ಗೊಂಬೆಯ ಕಿವಿಯ ಬಳಿ ಬಾಗಿ ಕರೆದ. ಚಿತೆಗೆ ಒಯ್ಯುವ ಮುಂಚೆ ಹೆಸರು ಹಿಡಿದು ಕರೆಯಬೇಕು. "ನೀನೂ ಕರಿ, ಅಕ್ಕ."

ಹುಲ್ಲಿಗೆ ಆ ಹೆಸರಿಡಲು ರೊಗಾತಳ ನಾಲಿಗೆ ಏಳಲಿಲ್ಲ.

ಬಾಗಿಲಲ್ಲಿ ನಿಂತಿದ್ದ ವೆರಾನಿಯ ನಕ್ಕ. "ಕಳ್ಳನಿಗೆ ಹುಲ್ಲೇ ಹೆಚ್ಚಾಯ್ತು!"

ರೊಗಾತ ಬುಟ್ಟಿಯನ್ನು ಬೋರಲು ಹಾಕಿದಳು. ಕಡಲೆ ಅಂಗಳದ ತುಂಬ ಚೆಲ್ಲಿತು, ಅದರ ಮೇಲೆ ಕೆಂಪಂಚಿನ ಹೊದಿಕೆ ಬಿತ್ತು.

"ಕಳ್ಳ ಅನ್ಬೇಡಿ ಧಣಿ. ತಗೊಂಡಿದ್ದು ನಾನು. ವಾಪಸ್ ಇಡು ಅಂತ ಹೇಳಿ ಹೇಳಿ ಸತ್ತ ಅವ್ನು. ನಾನೇ ಇಡ್ಲಿಲ್ಲ."

"ಹಿಡ್ಕೊಳ್ರೋ ಇವಳನ್ನ!"

ಸತೂರ ಅಡ್ಡ ನಿಂತ. "ಹೊದಿಕೆ ಬಂತು ಧಣಿ. ತಾಯಿ ಆಣೆ ಹಾಕಿದ್ದೀರಿ. ಊರೆಲ್ಲ ಕೇಳಿದೆ."

ವೆರಾನಿಯನ ಮುಖ ಕಪ್ಪಿಟ್ಟಿತು. ಸಂಘದವರೆಲ್ಲ ಅವನನ್ನೇ ನೋಡುತ್ತಿದ್ದರು.

"ಚಿತೆಯ ಬೆಂಕಿ ಆರ್ಲಿ," ಎಂದಳು ರೊಗಾತ. "ಆಮೇಲೆ ಚಾಟಿಗೋ ಸೆರೆಮನೆಗೋ, ಎಲ್ಲಿಗೆ ಕರೆದ್ರೂ ಬರ್ತೀನಿ." ಯಾರ ಅಪ್ಪಣೆಗೂ ಕಾಯದೆ ಒಳಗೆ ಹೋಗಿ, ನಂಫಾಮೊ ಮಡಚುತ್ತಿದ್ದಂತೆ ಅಂಚು ಒಳಗೆ ಬರುವ ಹಾಗೆ ಹೊದಿಕೆಯನ್ನು ಮಡಚಿ ಗೂಡಿನಲ್ಲಿಟ್ಟಳು. ವೆರಾನಿಯನ ಕಾವಲುಗಾರನೊಬ್ಬ ಹಗ್ಗ ಹಿಡಿದು ಅವಳ ಹಿಂದೆಯೇ ನಡೆದ.

ಆಣೆಗೆ ಕಟ್ಟುಬಿದ್ದು ವೆರಾನಿಯ ಬಾಗಿಲು ಬಿಟ್ಟ, ಹೆಣ ಅಂಗಳಕ್ಕೆ ಬಂತು. ಗೊಂಬೆ ಇನ್ನು ಬೇಡವಾಯಿತು. ಬಡವರ ಬಟ್ಟೆ, ಅದರ ಮೇಲೆ ಆ ದಿನದ ಕೊರೆಯುವ ಗಾಳಿ. ಒಬ್ಬೊಬ್ಬರೂ ಗೊಂಬೆಯ ಮೈಯಿಂದ ತಮ್ಮದನ್ನು ಬಿಚ್ಚಿಕೊಳ್ಳತೊಡಗಿದರು.

"ಏಯ್, ಅದು ನನ್ನ ನಡುಪಟ್ಟಿ!"

"ನಿಂದು ಹರಿದಿತ್ತಲ್ಲೋ, ಇದು ನಂದು!"

"ಜಗಳ ಯಾಕ್ರೋ? ನಂಫಾಮೊನ್ನ ಕೇಳಿ..." ಎಂದ ಸತೂರ ಅಲ್ಲಿಗೇ ನಿಲ್ಲಿಸಿದ.

ಮತ್ತೆ ಯಾರೂ ಜಗಳವಾಡಲಿಲ್ಲ. ಕೊನೆಗೆ ಗೊಂಬೆಯ ಮೇಲೆ ಕಂದು ಬಣ್ಣದ ಹಳೆಯ ಅಂಗಿಯೊಂದೇ ಉಳಿಯಿತು. ಅದು ಯಾರದೆಂದು ಒಬ್ಬರೂ ಕೇಳಲಿಲ್ಲ.

ರೊಗಾತ ಅದರ ಹುಲ್ಲು ಕೊಡವಿ ಹೆಣದ ಕೊರಳಿಗೆ ಹಾಕಿದಳು. "ನಂಫಾಮೊ," ಎಂದು ಕರೆದಳು. ತೋಳುಗಳು ಸೆಟೆದುಕೊಂಡಿದ್ದವು, ಅವಳೊಬ್ಬಳಿಂದ ಆಗಲಿಲ್ಲ. ಕಾವಲುಗಾರ ಹಗ್ಗವನ್ನು ನೆಲದ ಮೇಲಿಟ್ಟು, ಮಂಡಿಯೂರಿ, ಸತ್ತವನ ಕೈಯನ್ನು ಮೆಲ್ಲಗೆ ಅಂಗಿಯ ತೋಳೊಳಗೆ ತೂರಿಸಿದ.