ದಿಂಬಿನ ಕೆಳಗಿನ ಐದು ಗಂಟು

ಹೊಲಿಗೆ ಅಂಗಡಿಯ ಕಟಿಂಗ್ ಮೇಜಿನ ಮೇಲೆ ಅತ್ತೆ ಗಂಟು ಹಾಕಿದ ಕಪ್ಪು ದಾರವೊಂದನ್ನು ಸೊಸೆಯ ಮುಂದೆ ಎಸೆದರು. ಹಿಂದೆಯೇ ಅರ್ಧ ಉರಿದ ಮೇಣದಬತ್ತಿಯೂ ಬಂದು ಬಿತ್ತು.

"ನಿನ್ನ ದಿಂಬಿನ ಕೆಳಗಿತ್ತು. ಮನೇಲಿರೋರು ಐದು ಜನ, ಗಂಟೂ ಐದು. ಯಾರಿಗೆ ಮಾಟ ಮಾಡ್ತಿದ್ದೀಯ?"

ನಲವತ್ತು ವರ್ಷ ಹೊಲಿಗೆ ಬಿಚ್ಚಿ ಪಳಗಿದ ಕೈ ಅತ್ತೆಯದು. ಕತ್ತರಿಯ ತುದಿಯಿಂದ ಒಂದು ಗಂಟು ಬಿಚ್ಚಿಯೇಬಿಟ್ಟರು. ಇನ್ನೊಂದಕ್ಕೂ ತುದಿ ತೂರಿಸಿದರು.

"ಬಿಚ್ಚಬೇಡಿ ಅತ್ತೆ. ಮಾಟಾನೇ ಅದು, ಆದ್ರೆ ನನಗೇ ಮಾಡ್ಕೊಂಡಿದ್ದು. ಮೇಣದಬತ್ತಿ ಹಚ್ಚಿ, ಚಂದ್ರನ್ನ, ನೆಲಾನ ನೆನೆದು ದಿನಕ್ಕೊಂದು ಗಂಟು ಹಾಕ್ತೀನಿ. ನನ್ನನ್ನ ನೋಡೋ ಡಾಕ್ಟ್ರಿಗೂ ಗೊತ್ತು. ಮಾತ್ರೆ ಮಾತ್ರ ತಪ್ಪಿಸ್ಬೇಡ ಅಂದ್ರು."

"ಗಂಟು ಯಾತಕ್ಕೆ?"

"ಸಾಯ್ಬೇಕು ಅನ್ನಿಸಿದ್ರೂ ಬದುಕಿದ ಒಂದೊಂದು ದಿನಕ್ಕೆ."

ಅತ್ತೆ ಕತ್ತರಿ ಕೆಳಗಿಟ್ಟರು. ಬಿಚ್ಚಿದ ಗಂಟನ್ನು ಅದೇ ಜಾಗದಲ್ಲಿ ಮತ್ತೆ ಹಾಕಿದರು. ಸಾಲದೆಂದು ಹಲ್ಲಿನಲ್ಲಿ ಕಚ್ಚಿ ಬಿಗಿದರು. ಆಮೇಲೆ ಗಿರಾಕಿ ಬರುವ ಹೊತ್ತಿನಲ್ಲೇ ಅಂಗಡಿಯ ಬಾಗಿಲು ಹಾಕಿ, ದಾರವನ್ನು ಸೊಸೆಯ ಕೈಗಿಟ್ಟು, ಎದುರಿಗೆ ಕೂತರು.

"ಆರನೇದು ನನ್ನೆದುರೇ ಹಾಕು."